ಹೊಸ್ತಿಲಲ್ಲಿ ನಿಂತ ಹೆಸರು

ವನಜಮ್ಮ ಆ ಸೀಡಿಯನ್ನು ಒಂದು ಹೊಸ ರವಿಕೆ ಕಣದಲ್ಲಿ ಸುತ್ತಿ ತಂದಿದ್ದಳು. ಕೊತ್ತಗೆರೆಯಿಂದ ಕುಣಿಗಲ್ಲಿಗೆ, ಅಲ್ಲಿಂದ ತುಮಕೂರಿಗೆ ಬಸ್ಸು ಬದಲಿಸಿ, ಶಿರಾ ಗೇಟಿನಲ್ಲಿ ಇಳಿದು ತಮ್ಮನ ಮನೆಯ ಬಾಗಿಲು ತಟ್ಟುವವರೆಗೂ ಆ ಗಂಟನ್ನು ಬ್ಯಾಗಿಗೆ ಹಾಕಿರಲಿಲ್ಲ. ಬಸ್ಸಿನಲ್ಲಿ ಪಕ್ಕದ ಹೆಂಗಸು ಏನದು ಎಂದು ಕೇಳಿದ್ದಳಂತೆ. ಪ್ರಸಾದ ಎಂದು ಹೇಳಿ ಬಾಯಿ ಮುಚ್ಚಿಸಿದೆ ಅಂದಳು.

ಷಡಕ್ಷರಿ ಗಂಟು ಬಿಚ್ಚಿದ. ಸೀಡಿಯ ಹೊಳೆಯುವ ಮೈಮೇಲೆ ಮೂರು ಪಟ್ಟೆ ವಿಭೂತಿ, ಅದರ ಮೇಲೊಂದು ಒಣಗಿ ಕಪ್ಪಾದ ಕುಂಕುಮದ ಬೊಟ್ಟು. ನಡುವಿನ ತೂತಿನ ಸುತ್ತ ಹೂವಿನ ದಾರದ ಎಳೆಗಳು ಅಂಟಿಕೊಂಡಿದ್ದವು.

“ಎಲ್ಲಿಟ್ಟಿದ್ದೆ ಅಕ್ಕ ಇದನ್ನ?”

“ಎಲ್ಲಿಡ್ತಾರೆ? ನಿಮ್ ಭಾವನ ಫೋಟೋ ಪಕ್ಕ ಮೊಳೆಗೆ ನೇತಾಕಿದ್ದೆ. ತೂತು ಐತಲ್ಲ, ಸಲೀಸಾಗಿ ಕೂತ್ಕೊಂತು.”

“ವಿಭೂತಿನ ಆ ಕಡೆ ಹಚ್ಚೋದಲ್ವಾ? ಓದೋದು ಈ ಕಡೆಯಿಂದ ಕಣಕ್ಕ.”

“ಆ ಕಡೆ ಸ್ಟುಡಿಯೋದವನ ಹೆಸ್ರೈತೆ. ಅವನಿಗೆ ಯಾಕ್ಲಾ ಹಚ್ಲಿ? ಹೊಳಿಯೋ ಕಡೆ ತಾನೇ ಮುಖ?”

ಅವನಿಗೆ ನಗು ಬಂತು. ಅವಳೂ ನಕ್ಕಳು. ಆ ಮಧ್ಯಾಹ್ನ ಇಬ್ಬರೂ ನಕ್ಕಿದ್ದು ಅಷ್ಟೇ.

ಅದು ಅವಳ ಮದುವೆಯ ಸೀಡಿ. ಗಂಡ ಸಿದ್ದಗಂಗಯ್ಯ ಗುಬ್ಬಿಯವನು. ಮಗಳು ಚೈತನ್ಯ ಇನ್ನೂ ತೊಟ್ಟಿಲಲ್ಲಿದ್ದಾಗ ತೋಟದ ಪಂಪ್‌ಹೌಸಿನಲ್ಲಿ ಕರೆಂಟು ಹೊಡೆದು ಸತ್ತ. ಆಮೇಲೆ ವನಜಮ್ಮ ಮಗುವನ್ನು ಎತ್ತಿಕೊಂಡು ಕೊತ್ತಗೆರೆಗೆ ಬಂದಳು. ತಂದೆಯ ಪಾಲಿನ ತೆಂಗಿನ ಮರಗಳನ್ನೂ ಎರಡು ಹಸುಗಳನ್ನೂ ನೋಡಿಕೊಂಡು ಮಗಳನ್ನು ಬೆಳೆಸಿದಳು. ಈಗ ಚೈತನ್ಯ ಕುಣಿಗಲ್ಲಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಊಟಕ್ಕೆ ಕೂತಿದ್ದಾಗ ಸುಮ್ಮನೆ ಕೇಳಿದಳಂತೆ, ಅಪ್ಪ ನಿನ್ನ ಏನಂತ ಕರೀತಿತ್ತು ಎಂದು. ವನಜಮ್ಮ ಹೇಳಲು ಬಾಯಿ ತೆರೆದಳು. ಮಾತು ನೆನಪಿತ್ತು, ಅವನ ದನಿ ನೆನಪಿಗೆ ಬರಲಿಲ್ಲ. ಮುಖ ಬಂತು, ಹೆಗಲ ಮೇಲಿನ ಟವೆಲ್ ಬಂತು, ದನಿ ಮಾತ್ರ ಎಲ್ಲಿಂದಲೂ ಬರಲಿಲ್ಲ.

“ಮರ್ತೋಗ್ಬುಟ್ಟಿದೀನಿ ಕಣೋ,” ಎಂದಳು ತಮ್ಮನಿಗೆ. ಕಳ್ಳತನ ಒಪ್ಪಿಕೊಂಡವರ ಹಾಗೆ ನೆಲ ನೋಡುತ್ತಿದ್ದಳು.

ಸಿದ್ದಗಂಗಯ್ಯ ಹೆಂಡತಿಯನ್ನು ಕರೆಯುತ್ತಿದ್ದದ್ದು ‘ಇವ್ಳೇ’ ಎಂದು, ಇಲ್ಲವೇ ‘ಕೇಳುಸ್ತಾ’ ಎಂದು. ಅವನ ಮನೆಯಲ್ಲಿ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆದದ್ದೇ ಇಲ್ಲ. ಬದುಕಿನಲ್ಲಿ ಅವನು ಅವಳ ಹೆಸರು ಹೇಳಿದ್ದು ಒಂದೇ ಸಲ, ಮದುವೆಯ ದಿನ ಗುಬ್ಬಿಯ ಮನೆಯ ಹೊಸ್ತಿಲಲ್ಲಿ. ಅಕ್ಕತಂಗಿಯರೆಲ್ಲ ಬಾಗಿಲಿಗೆ ಅಡ್ಡ ನಿಂತು, ಹೆಂಡ್ತಿ ಹೆಸ್ರು ಹೇಳಿ ಒಳಗೆ ಬಾ ಎಂದು ಹಟ ಹಿಡಿದಿದ್ದರು. ಅವನು ಬೆವರಿ, ಹಿಂದೆ ಮುಂದೆ ನೋಡಿ, ಕೊನೆಗೆ ಹೇಳಿದ್ದ. ಅದು ಈ ಸೀಡಿಯಲ್ಲಿತ್ತು.

ಬೇರೆಲ್ಲೂ ಇರಲಿಲ್ಲ. ಮದುವೆಯ ವಿಡಿಯೋ ತೆಗೆದ ಚಿಕ್ಕಮಾರಯ್ಯನನ್ನು ಹುಡುಕಿಕೊಂಡು ಅವಳು ಗುಬ್ಬಿಗೂ ಹೋಗಿ ಬಂದಿದ್ದಳು. ಆ ಕಾಲದಲ್ಲಿ ಕ್ಯಾಸೆಟ್ಟು ದುಬಾರಿ ತಾಯಿ, ಒಂದರ ಮೇಲೇ ಇನ್ನೊಂದು ಮದುವೆ ತೆಗೀತಿದ್ವಿ ಎಂದು ಅವನು ಕೈ ಚೆಲ್ಲಿದ. ಮನೆಯಲ್ಲಿದ್ದ ಪ್ಲೇಯರು ಎಂದೋ ಕೆಟ್ಟು ಗುಜರಿಗೆ ಹೋಗಿತ್ತು. ಚೈತನ್ಯಳ ಗೆಳತಿಯರ ಲ್ಯಾಪ್‌ಟಾಪುಗಳಲ್ಲಿ ಸೀಡಿ ಹಾಕುವ ಜಾಗವೇ ಇಲ್ಲ. ಉಳಿದದ್ದು ಷಡಕ್ಷರಿಯ ಡೆಸ್ಕ್‌ಟಾಪ್, ತುಮಕೂರಿನ ಒಂದು ಕಾಲೇಜಿನವರು ಹರಾಜು ಹಾಕಿದಾಗ ಅವನು ತಂದಿಟ್ಟುಕೊಂಡದ್ದು.

ಷಡಕ್ಷರಿ ಅದೇ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್. ಯಾವುದನ್ನೂ ಅವಸರದಲ್ಲಿ ಮುಟ್ಟುವವನಲ್ಲ. ರೀಡಿಂಗ್ ತೆಗೆಯುವ ಮೊದಲು ಉಪಕರಣವನ್ನು ನೋಡಿ, ಬರೆಯುವ ಮೊದಲು ಇನ್ನೊಮ್ಮೆ ನೋಡಿ ಎಂದು ಹುಡುಗರಿಗೆ ಹೇಳಿ ಹೇಳಿ ಅವರು ಅವನಿಗೆ ‘ಇನ್ನೊಮ್ಮೆ ಸಾರ್’ ಎಂದೇ ಹೆಸರಿಟ್ಟಿದ್ದರು. ಸೀಡಿಯನ್ನು ಸೋಪಿನ ನೀರಿನಲ್ಲಿ ತೊಳೆದ. ಮೆತ್ತಗಿನ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದ. ಸುತ್ತಲೂ ತಿರುವಿ ಒರೆಸಿದರೆ ಬರೆದದ್ದರ ಉದ್ದಕ್ಕೂ ಗೀರು ಬೀಳುತ್ತದೆ. ತೂತಿನ ಸುತ್ತಲ ದಾರದ ಎಳೆಗಳನ್ನು ಉಗುರಿನಿಂದ ಬಿಡಿಸಿದ. ಒಂದು ಎಳೆ ಮಾತ್ರ ಬರಲಿಲ್ಲ. ಕೂದಲಿನಷ್ಟು ತೆಳ್ಳಗೆ, ತೂತಿನ ಅಂಚಿನಿಂದ ಹೊರಕ್ಕೆ ಚಾಚಿಕೊಂಡಿತ್ತು. ದಾರದ ಬಣ್ಣ ಹಿಡಿದಿರಬೇಕು ಎಂದುಕೊಂಡು ಬಿಟ್ಟ. ಮೇಜಿನ ಖಾನೆಯಲ್ಲಿ ಭೂತಗನ್ನಡಿ ಇತ್ತು. ತೆಗೆಯಲಿಲ್ಲ.

ಡ್ರೈವಿನೊಳಗೆ ಸೀಡಿ ನಿಧಾನವಾಗಿ ತಿರುಗಿತು. ಬಹಳ ಹೊತ್ತು ಪರದೆಯ ಮೇಲೆ ಏನೂ ಬರಲಿಲ್ಲ. ಆಮೇಲೆ ಚಿತ್ರ ಬಂತು, ನಿಂತಿತು, ಮತ್ತೆ ಬಂತು. ವಾಲಗದ ಸದ್ದು ತುಂಡು ತುಂಡಾಗಿ ಕೇಳಿತು. ವನಜಮ್ಮ ಕುರ್ಚಿಯನ್ನು ಮುಂದೆ ಎಳೆದುಕೊಂಡಳು. ಗುಬ್ಬಿಯ ಮನೆ, ಬಾಗಿಲಿಗೆ ಕಟ್ಟಿದ ಮಾವಿನ ಸೊಪ್ಪು, ಅಡ್ಡ ನಿಂತ ಹೆಂಗಸರು. ಅವರ ನಡುವೆ ಪೇಟ ಕಟ್ಟಿಕೊಂಡ ತೆಳ್ಳನೆಯ ಸಿದ್ದಗಂಗಯ್ಯ. ಯಾರೋ, ಹೇಳಣ್ಣೋ, ಹೊತ್ತಾಯ್ತು ಎಂದರು. ಅವನು ಕತ್ತು ಬಗ್ಗಿಸಿ ಒಂದು ಸಲ ಕೆಮ್ಮಿದ.

ಚಿತ್ರ ನಿಂತಿತು. ಅವನ ಮುಖ ಚೌಕ ಚೌಕವಾಗಿ ಒಡೆದು ಹಾಗೇ ಉಳಿಯಿತು.

“ನಾಚ್ಕೆ ಆದ್ರೆ ಹಂಗೇ ಕೆಮ್ಮೋರು,” ಎಂದಳು ವನಜಮ್ಮ, ಪರದೆಯಿಂದ ಕಣ್ಣು ತೆಗೆಯದೆ.

ಎಷ್ಟು ಸಲ ಹಿಂದಕ್ಕೆ ಕೊಂಡೊಯ್ದರೂ ಕೆಮ್ಮಿನವರೆಗೆ ಬಂದು ನಿಲ್ಲುತ್ತಿತ್ತು. ಷಡಕ್ಷರಿ ಫೈಲನ್ನೇ ಕಂಪ್ಯೂಟರಿಗೆ ಕಾಪಿ ಮಾಡಲು ಕೊಟ್ಟ. ಹಸಿರು ಪಟ್ಟಿ ಮೂಡಿತು, ಆದರೆ ಗೆದ್ದಲು ಗೋಡೆ ಹತ್ತಿದ ಹಾಗೆ ತೆವಳುತ್ತಿತ್ತು. ಬೆಳಗಿನ ಜಾವಕ್ಕೆ ಮುಗಿಯಬಹುದೆಂದು ಯಂತ್ರ ಲೆಕ್ಕ ತೋರಿಸಿತು. ಅವನು, ಇವತ್ತು ಇಲ್ಲೇ ಇರು ಅಂದ. ಹಸು ಕರೆಯುವವರಿಲ್ಲ, ಚೈತನ್ಯಳನ್ನು ಕಂಡರೆ ಎಳೆಗರುವಿನ ಹಸು ಒದೆಯುತ್ತದೆ, ಇನ್ನೊಂದು ದಿನ ಬರುತ್ತೇನೆ ಎಂದಳು ಅವಳು. ಹೇಳಿದಳೇ ಹೊರತು ಕುರ್ಚಿಯಿಂದ ಏಳಲಿಲ್ಲ. ಆ ಒಡೆದ ಮುಖವನ್ನು ನೋಡುತ್ತಾ ಕೂತಿದ್ದಳು. ಅದನ್ನು ನೋಡಲಾರದೆ ಅವನು ಕೆಲಸಕ್ಕೆ ಇಳಿದ.

ಕಾಪಿ ಇಷ್ಟು ನಿಧಾನವಾಗಲು ಕಾರಣ ಹುಡುಕಿದ. ಮೊದಲು ಕೇಬಲ್ಲು ಬದಲಿಸಬೇಕೆಂದುಕೊಂಡ. ಅದಕ್ಕೆ ಯಂತ್ರ ಆರಿಸಬೇಕು, ಕಾಪಿಯನ್ನು ನಿಲ್ಲಿಸಬೇಕು. ರದ್ದು ಮಾಡುವ ಬಟನ್ ಒತ್ತಿದ. ಅರ್ಧಂಬರ್ಧ ಬಂದ ಫೈಲನ್ನು ಆ ಯಂತ್ರ ಇಟ್ಟುಕೊಳ್ಳುವುದಿಲ್ಲ, ಅಳಿಸಿಹಾಕುತ್ತದೆ. ಅದು ಅವನಿಗೆ ಗೊತ್ತಿತ್ತು. ಬೇಗ ಬರುವಂತಾದರೆ ಇಷ್ಟು ಹೋದರೇನು ಎಂದುಕೊಂಡ. ಕೇಬಲ್ಲು ಬದಲಿಸಿದ. ವ್ಯತ್ಯಾಸ ಆಗಲಿಲ್ಲ. ಡ್ರೈವಿನ ಕಣ್ಣನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ. ಆಗಲೂ ಅಷ್ಟೇ. ಕೊನೆಗೆ ಸೆಟ್ಟಿಂಗ್ಸಿನ ಒಳಗೆ ಹುಡುಕುತ್ತಾ ಹೋದಾಗ ಸಿಕ್ಕಿತು. ಓದುವಾಗ ಮತ್ತೆ ಮತ್ತೆ ತಪ್ಪು ಬಂದರೆ ಆ ಹಳೆಯ ಯಂತ್ರ ಡ್ರೈವನ್ನು ತಾನಾಗಿಯೇ ಕೆಳಗಿನ ದರ್ಜೆಗೆ ಇಳಿಸಿಬಿಡುತ್ತದೆ. ಮತ್ತೆ ಮೇಲಕ್ಕೆ ಏರಿಸುವುದಿಲ್ಲ. ಆ ಸೆಟ್ಟಿಂಗನ್ನು ಅಳಿಸಿ ಯಂತ್ರವನ್ನು ಹೊಸದಾಗಿ ಶುರು ಮಾಡಿದರೆ ಡ್ರೈವು ಎಲ್ಲವನ್ನೂ ಮರೆತು ಪೂರ್ತಿ ವೇಗಕ್ಕೆ ಬರುತ್ತದೆ.

ಅವನಿಗೆ ಖುಷಿಯಾಯಿತು. ರೋಗ ಸಿಕ್ಕಿದ ವೈದ್ಯನ ಖುಷಿ. “ಇನ್ನು ಐದೇ ನಿಮ್ಷ ಅಕ್ಕ. ಫೋನಿಗೇ ಹಾಕ್ಕೊಡ್ತೀನಿ. ದಿನಾ ಕೇಳ್ಕೊ.”

ಅವಳು ಸೆರಗಿನಿಂದ ಫೋನನ್ನು ಒರೆಸಿ ಮೇಜಿನ ಮೇಲೆ ಇಟ್ಟಳು.

ಯಂತ್ರ ಆರಿ ಹೊತ್ತಿತು. ಮತ್ತೆ ಕಾಪಿ ಮಾಡಲು ಕೊಟ್ಟಾಗ ಸೀಡಿ ತಿರುಗತೊಡಗಿತು. ಈ ಸಲ ಸದ್ದು ಬೇರೆಯೇ ಇತ್ತು. ಮೊದಲು ಗುಂಯ್ ಎಂದಿತು, ಆಮೇಲೆ ಏರುತ್ತಾ ಏರುತ್ತಾ ಮಿಕ್ಸಿಯ ಹಾಗೆ ಕೂಗಿತು. ಹಸಿರು ಪಟ್ಟಿ ದಡದಡನೆ ಮುಂದೆ ಹೋಯಿತು. ಮೇಜು ನಡುಗಿತು. ನೋಡಿದೆಯಾ ಎಂದು ಅವನು ಅಕ್ಕನ ಕಡೆ ತಿರುಗಿದ.

ಒಳಗಿನಿಂದ ಫಟ್ ಎಂದು ಒಂದು ಸದ್ದು. ಆಮೇಲೆ ಗಾಜಿನ ಬಳೆ ಚೂರುಗಳನ್ನು ಡಬ್ಬದಲ್ಲಿ ಹಾಕಿ ಅಲ್ಲಾಡಿಸಿದಂತೆ. ಆಮೇಲೆ ಏನೂ ಇಲ್ಲ.

ಆ ಎಳೆ ದಾರವಾಗಿರಲಿಲ್ಲ ಎಂಬುದು ಅವನಿಗೆ ಆ ಕ್ಷಣಕ್ಕೇ ತಿಳಿಯಿತು. ವರ್ಷ ವರ್ಷವೂ ಮೊಳೆಯಿಂದ ತೆಗೆದು, ಒರೆಸಿ, ಮತ್ತೆ ನೇತುಹಾಕುವಾಗ ಮೊಳೆ ತಾಗಿ ತಾಗಿ ಬಿಟ್ಟ ಬಿರುಕು. ನಿಧಾನವಾಗಿ ತಿರುಗಿದರೆ ಅದು ತಾಳುತ್ತಿತ್ತು, ತಾಳಿಕೊಂಡೂ ಇತ್ತು. ತಪ್ಪುಗಳನ್ನು ಎಣಿಸಿ ಎಣಿಸಿ ಯಂತ್ರವೇ ಡ್ರೈವಿನ ವೇಗ ತಗ್ಗಿಸಿ, ಮುದುಕರನ್ನು ಕೈ ಹಿಡಿದು ನಡೆಸಿದ ಹಾಗೆ ಆ ಸೀಡಿಯನ್ನು ನಡೆಸುತ್ತಿತ್ತು. ಅದನ್ನೇ ಅವನು ಕಾಯಿಲೆ ಎಂದುಕೊಂಡ. ಬೆಳಗಿನ ಜಾವದವರೆಗೆ ಬಿಟ್ಟಿದ್ದರೆ ಬಂದುಬಿಡುತ್ತಿತ್ತೋ ಏನೋ. ಬರುತ್ತಿರಲಿಲ್ಲ ಎಂದು ನಂಬಲು ಅವನು ಆಮೇಲೆ ಎಷ್ಟೋ ಸಲ ಪ್ರಯತ್ನಪಟ್ಟ. ಅವನು ಕಲಿತ ವಿಜ್ಞಾನ ಅದಕ್ಕೆ ಒಪ್ಪಲಿಲ್ಲ.

ಸ್ಕ್ರೂ ಬಿಚ್ಚಿ ಡ್ರೈವನ್ನು ಮೇಜಿನ ಮೇಲೆ ಬೋರಲು ಹಾಕಿದ. ಚೂರುಗಳು ಉದುರಿದವು. ಕೆಲವು ಬೆರಳುಗುರಿನಷ್ಟಿದ್ದವು, ಒಂದರ ಮೇಲೆ ಇನ್ನೂ ಚಿಟಿಕೆ ಕುಂಕುಮ ಉಳಿದಿತ್ತು. ವನಜಮ್ಮ ಎದ್ದು ಬಂದು ರವಿಕೆ ಕಣವನ್ನು ಹಾಸಿ ಒಂದೊಂದೇ ಚೂರನ್ನು ಆರಿಸಿ ಹಾಕತೊಡಗಿದಳು. ಕೈಗೆ ಚುಚ್ಚುತ್ತೆ ಬಿಡು ಅಕ್ಕ ಎಂದ. ಅವಳು ಬಿಡಲಿಲ್ಲ. ಅವನೂ ಕೂತು ಕುರ್ಚಿಯ ಕೆಳಗೆ ಬಿದ್ದದ್ದನ್ನು ಹುಡುಕಿದ. ಸೇರಿಸಿದರೆ ಬರುವುದಿಲ್ಲವಾ ಎಂದು ಅವಳು ಕೇಳಿಬಿಟ್ಟರೆ ಏನು ಹೇಳುವುದು ಎಂದು ಅವನಿಗೆ ಹೆದರಿಕೆಯಾಗುತ್ತಿತ್ತು. ಅವಳು ಗಂಟು ಕಟ್ಟಿದಳು.

ಬಸ್ ಸ್ಟ್ಯಾಂಡಿಗೆ ಇಬ್ಬರೂ ಆಟೋದಲ್ಲಿ ಹೋದರು. ಕುಣಿಗಲ್ ಬಸ್ಸು ಇನ್ನೂ ಬಂದಿರಲಿಲ್ಲ. ಅವನು ತಪ್ಪಾಯ್ತು ಎನ್ನಲು ಹೊರಟ. ಅವಳು ಕೈಯಾಡಿಸಿದಳು.

“ನೀನೇನ್ ಮಾಡ್ತೀಯ ಬುಡು. ಅವ್ರು ಬದ್ಕಿದ್ದಾಗ್ಲೂ ಹಂಗೇ. ಬಾಯ್ ತಂಕ ಬಂದಿದ್ದು ಹೇಳ್ತಿರ್ಲಿಲ್ಲ.” ಬಸ್ಸು ಬರುವ ದಾರಿ ನೋಡುತ್ತಾ, “ಅವತ್ತು ನೀನಿದ್ದೆಯಲ್ಲ ಗುಬ್ಬೀಲಿ. ಹೆಂಗಂದ್ರು ಅಂತ ಜ್ಞಾಪ್ಕ ಐತಾ?”

ಅವನಿಗೆ ನೆನಪಿರಲಿಲ್ಲ. ಹೊಸ್ತಿಲಲ್ಲಿ ಹೆಸರು ಹೇಳುವ ಹೊತ್ತಿಗೆ ಅವನು ಹಿತ್ತಿಲಿನಲ್ಲಿ ಪಾತ್ರೆ ಇಳಿಸುತ್ತಿದ್ದ.

“ಐತೆ,” ಎಂದ.

“ಹೇಳು.”

ಹುಟ್ಟಿದಾಗಿನಿಂದ ಅಕ್ಕನ ಹೆಸರು ಅವನ ಬಾಯಲ್ಲಿ ಬಂದಿರಲಿಲ್ಲ. ಸುತ್ತಲೂ ನೋಡಿದ. ಕತ್ತು ಬಗ್ಗಿಸಿ ಒಮ್ಮೆ ಕೆಮ್ಮಿದ. ಆಮೇಲೆ ಆದಷ್ಟು ಮೆಲ್ಲಗೆ, “ವನಜ,” ಎಂದ.

ಅವಳು ಕಣ್ಣು ಮುಚ್ಚಿ ಕೇಳಿದಳು. ಕೆಮ್ಮಿಗೆ ಅವಳ ಮುಖ ಒಂದಿಷ್ಟು ಎದ್ದಿತ್ತು, ಹೆಸರಿಗೆ ಮತ್ತೆ ಕೆಳಗಿಳಿಯಿತು. ಬಸ್ಸು ಬಂತು. ಗಂಟನ್ನು ಎದೆಗೊತ್ತಿಕೊಂಡು ಹತ್ತಿ ಕಿಟಕಿಯ ಪಕ್ಕ ಕೂತಳು. ಅವನು ಕೆಳಗೆ ನಿಂತಿದ್ದ.

“ಹಂಗಲ್ಲ ಕಣೋ,” ಎಂದಳು. “ಹೆಂಗೆ ಅಂತ ನಂಗೂ ಗೊತ್ತಿಲ್ಲ. ಹಂಗಲ್ಲ.”