ಲಂಕೆಗೆ ಹೋಗುವ ಹಡಗು

ಬಾಣಾವರದ ದೇವೀರಮ್ಮನಿಗೆ ಒಡವೆಯ ಆಸೆ ಇರಲಿಲ್ಲ, ತಾರಸಿ ಮನೆಯ ಆಸೆಯೂ ಇರಲಿಲ್ಲ. ಇದ್ದದ್ದು ಒಂದೇ ಆಸೆ. ಅದೂ ಎಂಥದ್ದು ಅಂತೀರಿ, ಸಮುದ್ರ ದಾಟಿ ಲಂಕೆಗೆ ಹೋಗಬೇಕು, ಅಲ್ಲಿ ಅನುರಾಧಪುರ ಎಂಬ ಪಟ್ಟಣದ ಬೋಧಿಮರವನ್ನು ಕಣ್ಣಾರೆ ನೋಡಬೇಕು. ಗಂಡ ಹೆಂಡತಿ ಬೌದ್ಧ ದೀಕ್ಷೆ ತೆಗೆದುಕೊಂಡ ದಿನ, ದೀಕ್ಷೆ ಕೊಟ್ಟ ಭಿಕ್ಷು ಭಂತೇಜಿ ಕತೆ ಹೇಳಿದ್ದರು. ಅಶೋಕನ ಮಗಳು ಬೋಧಿಮರದ ಒಂದು ಕೊಂಬೆ ಹಿಡಿದು ಹಡಗು ಹತ್ತಿದಳಂತೆ, ಅದನ್ನು ಆ ದ್ವೀಪದಲ್ಲಿ ನೆಟ್ಟಳಂತೆ, ಇವತ್ತಿಗೂ ಅದು ಚಿಗುರುತ್ತದಂತೆ. ಒಬ್ಬ ಹೆಂಗಸು ಕೈಯಲ್ಲಿ ಗಿಡ ಹಿಡಿದು ಸಮುದ್ರ ದಾಟಿದಳಲ್ಲ ಎಂಬುದು ದೇವೀರಮ್ಮನ ತಲೆಯೊಳಗೆ ಹೊಕ್ಕಿದ್ದು ಮತ್ತೆ ಹೊರಗೆ ಬರಲೇ ಇಲ್ಲ.

ಅವತ್ತೇ ಗಂಡ ತಮ್ಮಯ್ಯ ಮಾತು ಕೊಟ್ಟ. ಅವನು ರೈಲ್ವೆಯಲ್ಲಿ ಗ್ಯಾಂಗ್‌ಮನ್. ಅರಸೀಕೆರೆ ಕಡೆಯ ಹಳಿಗಳನ್ನು ನೋಡಿಕೊಳ್ಳುವುದು ಅವನ ಕೆಲಸ.

"ನಂಗೇನು ರೈಲ್ವೆಯೋರು ಪುಗಸಟ್ಟೆ ಪಾಸು ಕೊಡಲ್ವಾ? ರಾಮೇಶ್ವರದ ತಂಕ ರೈಲು, ಅಲ್ಲಿಂದ ಹಡಗು. ನಾನೇ ಕರ್ಕೊಂಡೋಯ್ತೀನಿ ಕಣೇ."

ಕೊಟ್ಟ ಮಾತು ಕೊಟ್ಟಲ್ಲೇ ಉಳಿಯಿತು. ವರ್ಷ ವರ್ಷ ಪಾಸು ಬರುತ್ತಿತ್ತು, ವರ್ಷ ವರ್ಷ ಏನಾದರೊಂದು ಅಡ್ಡ ಬರುತ್ತಿತ್ತು. ಒಮ್ಮೆ ಅವನ ತಾಯಿಗೆ ಬೆಂಗಳೂರಿನ ಆಸ್ಪತ್ರೆ, ಒಮ್ಮೆ ಮನೆಮಂದಿಯೆಲ್ಲ ನಾಗಪುರದ ದೀಕ್ಷಾಭೂಮಿಗೆ, ಇನ್ನೊಮ್ಮೆ "ಅಲ್ಲೀಗ ಮಳೆಗಾಲ" ಎಂಬ ನೆಪ. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ದೇವೀರಮ್ಮ ಒಲೆಯ ಮುಂದೆ ಗೊಣಗುತ್ತಿದ್ದಳು. ತಮ್ಮಯ್ಯ ರಿಟೈರಾದ, ಆಮೇಲೂ ವರ್ಷಕ್ಕೊಂದು ಪಾಸು ಬರುತ್ತಿತ್ತು. ಮಗ ಉಮಾಶಂಕರನಿಗೆ ಹಳೇಬೀಡಿನ ಬ್ಯಾಂಕಿನಲ್ಲಿ ಕೆಲಸವಾಯಿತು. "ಅವ್ವಾ, ಮದ್ರಾಸಿಂದ ವಿಮಾನ ಐತೆ, ನಾನು ಕರ್ಕೊಂಡು ಹೋಗ್ತೀನಿ ಬಾ" ಎಂದು ಅವನು ಕರೆದರೂ ಇವಳು ಜಪ್ಪಯ್ಯ ಅನ್ನಲಿಲ್ಲ.

"ನಿಮ್ಮಪ್ಪ ಕರ್ಕೊಂಡೋಯ್ತೀನಿ ಅಂದವ್ನೆ. ಹೋದ್ರೆ ಅವ್ನ ಜತೇಲೇ."

ಮೊಂಡು ಹೆಂಗಸು, ಏನು ಮಾಡುತ್ತೀರಿ. ಆದರೆ ಆಕಾಶದಲ್ಲಿ ವಿಮಾನದ ಸದ್ದಾದರೆ ಕೈಯಲ್ಲಿದ್ದ ಮೊರ ಕೆಳಗಿಟ್ಟು ಅಂಗಳಕ್ಕೆ ಬಂದು ನೋಡುತ್ತಿದ್ದವಳೂ ಅವಳೇ.

ಎರಡು ಸಾವಿರದ ಎರಡನೇ ಇಸವಿಯ ಚಳಿಗಾಲದಲ್ಲಿ ಅವಳು ಮಗನ ಮನೆಗೆ ಹೋಗಿದ್ದಳು. ಹಳೇಬೀಡಿಗೆ ಬರುವ ಪರದೇಶದವರಿಗೆ ಲೆಕ್ಕವುಂಟೇ? ಬೇಲೂರು ಮುಗಿಸಿ ಬರುತ್ತಾರೆ, ಕಲ್ಲಿನ ಆನೆಸಾಲಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಎಳನೀರು ಕುಡಿದು ಹೊರಡುತ್ತಾರೆ. ಲೋಕವೆಲ್ಲ ಇಲ್ಲಿಗೆ ಬರುತ್ತದೆ, ತಾನೊಬ್ಬಳು ಎಲ್ಲಿಗೂ ಹೋಗಲಿಲ್ಲ ಎಂದು ಅವರನ್ನು ಕಂಡಾಗಲೆಲ್ಲ ಅವಳಿಗೆ ಸಂಕಟವಾಗುತ್ತಿತ್ತು.

ಒಂದು ದಿನ ಸೊಸೆ ಆಶಾರಾಣಿಯ ಜೊತೆ ದೇವಸ್ಥಾನದ ಕಡೆ ಹೋದರೆ, ಹುಲ್ಲುಹಾಸಿನ ಮೇಲೆ ಒಂದು ಬಸ್ಸಿನಷ್ಟು ಹೆಂಗಸರು ಬಿಳಿ ಸೀರೆ ಉಟ್ಟು ಬುತ್ತಿ ಬಿಚ್ಚಿ ಕೂತಿದ್ದರು. ಎಳನೀರು ಮಾರುವ ಕಾಂತಮ್ಮ ಪಿಸುಗುಟ್ಟಿದಳು. "ಪಾಪ, ಎಲ್ಲಾ ಗಂಡ ಸತ್ತೋರೇ ಬಂದವ್ರೆ ಕಣಕ್ಕ."

ಆಶಾರಾಣಿಗೆ ನಗು ಬಂತು. ಅವಳು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು, ಆಗಲೇ ಅವರನ್ನು ಮಾತಾಡಿಸಿದ್ದಳು. "ಇಲ್ಲ ಕಾಂತಮ್ಮ, ಅವರು ಶ್ರೀಲಂಕಾದವರು. ಯಾತ್ರೆಗೆ ಬಿಳಿ ಉಡ್ತಾರೆ."

ದೇವೀರಮ್ಮ ನೇರ ಹೋಗಿ ಒಬ್ಬ ಮುದುಕಿಯ ಮುಂದೆ ಕೈಮುಗಿದು ಕೂತಳು. ಆಶಾರಾಣಿ ಕೇಳಿ ಹೇಳಿದಳು, ಆ ಮುದುಕಿಯ ಊರು ಅನುರಾಧಪುರದ ಪಕ್ಕದಲ್ಲೇ, ಹುಣ್ಣಿಮೆ ಹುಣ್ಣಿಮೆಗೂ ಮರದ ಹತ್ತಿರ ಹೋಗುತ್ತಾಳಂತೆ. ದೇವೀರಮ್ಮ ಅವಳ ಕಣ್ಣುಗಳನ್ನೇ ನೋಡಿದಳು. ಮರವನ್ನು ಕಂಡ ಕಣ್ಣು ಇವು, ಇಷ್ಟು ಹತ್ತಿರ ಇವೆಯಲ್ಲ ಎಂದುಕೊಂಡಳು.

"ಹಡಗಲ್ಲಿ ಬರೋವಾಗ ತಲೆ ಸುತ್ತಲ್ವಾ ಅಂತ ಕೇಳು ಮಗ."

ಆಶಾರಾಣಿ ಕೇಳಿದಳು, ಉತ್ತರ ಕೇಳಿಸಿಕೊಂಡಳು. ದೇವೀರಮ್ಮ ಅವಳ ತೋಳು ಅಲ್ಲಾಡಿಸಿದಳು.

"ಅತ್ತೆ, ಅಲ್ಲಿ ಯುದ್ಧ ಶುರುವಾದಾಗಲೇ ಆ ಹಡಗು ನಿಂತುಹೋಯ್ತಂತೆ. ಹದಿನೆಂಟು ವರ್ಷ ಆಯ್ತಂತೆ. ಇವರೆಲ್ಲ ವಿಮಾನದಲ್ಲೇ ಬಂದದ್ದು."

ದೇವೀರಮ್ಮ ಸಂಜೆಯ ಬಸ್ಸಿಗೇ ಬಾಣಾವರಕ್ಕೆ ವಾಪಸು ಬಂದಳು. ಕಾಲು ಕೂಡ ತೊಳೆಯದೆ, ಜಗುಲಿಯಲ್ಲಿ ಬೀಡಿ ಸೇದುತ್ತಿದ್ದ ಗಂಡನ ಮುಂದೆ ನಿಂತಳು.

"ಹಡಗು ನಿಂತಿದ್ದು ನಿಂಗೆ ಯಾವಾಗ ಗೊತ್ತಾಯ್ತು?"

ತಮ್ಮಯ್ಯ ಬೀಡಿ ಆರಿಸಿದ. "ನಿಂತ ವರ್ಷಾನೇ. ಸ್ಟೇಷನ್ನಾಗೆ ಮಾತಾಡ್ಕೊಂಡ್ರು."

"ಮತ್ತೆ ಮಳೆಗಾಲ ಅಂದೆ? ನಾಗಪುರ ಅಂದೆ?"

"ಹೆಂಗಾರ ಮಾಡಿ ಆ ವರ್ಷದ ಪಾಸು ಬೇರೆ ಕಡೀಕೆ ಮುಗಿಸ್ಬೇಕಿತ್ತು. ಸಂಕ್ರಾಂತಿ ಕಳೀತಿದ್ದಂಗೆ, ಈ ವರ್ಷ ಹೋಗಾನಾ ಅಂತ ಕೇಳ್ತಿದ್ದೆ ನೀನು. ಆ ಮುಖ ನೋಡಿ ಇಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ."

"ಮಗ ವಿಮಾನ ಅಂದಾಗ್ಲಾದ್ರೂ ಹೇಳ್ಬೋದಿತ್ತಲ್ಲ."

"ಹೇಳ್ಬೋದಿತ್ತು." ಅವನು ತಲೆ ಎತ್ತಲಿಲ್ಲ. "ಆದ್ರೆ ಅದು ಮಗ ಕರ್ಕೊಂಡೋದಂಗಾಯ್ತದೆ. ನಿಂಗೆ ಕೊಡಕ್ಕೆ ನನ್ನತ್ರ ಇದ್ದಿದ್ದು ಆ ಪಾಸೊಂದೇ ಕಣೇ."

ದೇವೀರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಇಲ್ಲದ ಹಡಗನ್ನು ಕಾದು ಕಾದು ತಲೆ ಬೆಳ್ಳಗಾಯಿತಲ್ಲ ಎಂದು ಒಳಗೆ ಹೋಗಿ ಅತ್ತಳು. ಗಂಡನ ಜೊತೆ ಮಾತು ಬಿಟ್ಟಳು, ಮುದ್ದೆಯನ್ನು ತಟ್ಟೆಗೆ ಕುಕ್ಕಿದಳು. ಆದರೂ ಅಂಗಳ ಗುಡಿಸುವಾಗ ಅವನ ಆ ಕೊನೆಯ ಮಾತು ಮತ್ತೆ ಮತ್ತೆ ಕೇಳಿಸಿತು. ತಾನೇ ಕರೆದೊಯ್ಯಬೇಕೆಂದು ಇಷ್ಟು ಆಸೆ ಇಟ್ಟುಕೊಂಡು ಬಾಯಿ ಬಿಡದೆ ಇದ್ದವನು ತನಗಿಂತ ಮೊಂಡ ಎನಿಸಿತು. ಒಂದು ದಿನ ಊಟಕ್ಕೆ ಬಡಿಸುತ್ತ ಅವಳೇ ಮಾತು ತೆಗೆದಳು.

"ಈ ವರ್ಷದ ಪಾಸು ಬರಿಸ್ಕೊಂಡು ಬಾ. ರಾಮೇಶ್ವರಕ್ಕೆ."

"ಹಡಗಿಲ್ವಲ್ಲೇ."

"ಗೊತ್ತು. ರೈಲು ಎಲ್ಲಿ ತಂಕ ಹೋಯ್ತದೋ ಅಲ್ಲಿ ತಂಕ ಕರ್ಕೊಂಡೋಗು."

ಹೋದರು. ಸಮುದ್ರದ ಮೇಲಿನ ಸೇತುವೆಯಲ್ಲಿ ರೈಲು ತೆವಳುತ್ತ ಸಾಗುವಾಗ ತಮ್ಮಯ್ಯ ಕಿಟಕಿಯಿಂದ ಬಗ್ಗಿ ಹಳಿಗಳನ್ನೇ ನೋಡುತ್ತಿದ್ದ, ಅವಳು ನೀರನ್ನು ನೋಡುತ್ತಿದ್ದಳು. ರಾಮೇಶ್ವರದಲ್ಲಿಳಿದು ದಡಕ್ಕೆ ಬಂದರು. ಒಬ್ಬ ಮೀನುಗಾರನನ್ನು ಕೈಸನ್ನೆಯಲ್ಲೇ ಕೇಳಿಕೊಂಡು ತಮ್ಮಯ್ಯ ದಿಕ್ಕು ತೋರಿಸಿದ.

"ಅಗೋ, ಆ ಕಡೆ ಲಂಕೆ. ಕಾಣ್ತದಾ?"

ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. "ಇಲ್ಲ ಕಣಯ್ಯ. ಬರೀ ನೀರು."

ತಮ್ಮಯ್ಯ ಚಾಚಿದ್ದ ಕೈ ಇಳಿಸಿದ. "ಉಮಾಶಂಕರಂಗೆ ನಾನೇ ಹೇಳ್ತೀನಿ. ವಿಮಾನದಾಗೆ ಹೋಗಿ ಬಾ."

"ಹೋಗಾನ ಬಿಡು, ಈಗ್ಯಾಕೆ ಆ ಮಾತು." ಅವಳು ಅವನ ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿಕೊಂಡಳು. "ಸುಮ್ನೆ ನಿಂತ್ಕೋ ಒಂದ್ಗಳಿಗೆ. ನೀನು ಕರ್ಕೊಂಡು ಬಂದಿರೋದನ್ನ ನೋಡಕ್ಕೆ ಬಿಡು."