ಐವತ್ತೆರಡು ಮಿನಿಟು

ಸಾವಿನ ಮನೆಯಲ್ಲಿ ತೀರ್ಮಾನವಾಗಬೇಕಾದ ಸಂಗತಿಗಳಲ್ಲಿ ತಲೆಗೆ ಸುತ್ತುವ ಪಟಕದ ಬಣ್ಣಕ್ಕಿಂತ ಗಹನವಾದದ್ದು ಇನ್ನೊಂದಿಲ್ಲವೆಂಬುದನ್ನು ಸವಣೂರಿನ ಎಲೆಪೇಟೆ ಆ ದಿನ ಬೆಳಿಗ್ಗೆ ಒಮ್ಮತದಿಂದ ಒಪ್ಪಿಕೊಂಡಿತು. ಗೋಡೆಗೆ ಆನಿಸಿ ಕೂರಿಸಿದ್ದ ಗುತ್ತೆಪ್ಪನ ಹೆಣದ ತಲೆಗೆ ಬಿಳಿಯ ಪಟಕ ಎರಡು ಸುತ್ತು ಬಂದಿತ್ತು. ಮೂರನೆಯ ಸುತ್ತಿಗೆ ಅವನ ಹೆಂಡತಿ ಯಂಕವ್ವ ಕೈ ಅಡ್ಡ ಹಿಡಿದಳು.

“ಬಿಳೀದು ಬ್ಯಾಡ. ಕೆಂಪು ಸುತ್ರಿ.”

ಸುತ್ತುತ್ತಿದ್ದವನು ಟಾಂಗಾ ಹೊಡೆಯುವ ಇಸಾಕ. ಉಳಿದ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ಎಲೆ ವ್ಯಾಪಾರಿ ಕುಬೇರಪ್ಪನ ಕಡೆ ನೋಡಿದ. ಅಂಗಳದ ಹೊರಸಿನ ಮೇಲೆ ಕುಳಿತಿದ್ದ ಕುಬೇರಪ್ಪ ಗಂಟಲು ಸರಿಮಾಡಿಕೊಂಡ.

“ತಂಗಿ, ಕೆಂಪು ಪಟಕಾ ಎಲ್ಲಾರಕಿಂತ ಕಡಿಮಿ ಹೊತ್ತಿನಾಗ ಮುಟ್ಟಿದಾವಗ. ಗುತ್ತೆಪ್ಪ ಏಳು ಸಲ ಗೆದ್ದಾನ, ಇಲ್ಲನ್ನಂಗಿಲ್ಲ. ಗೆದ್ದಾವಗ ಬಿಳೀದು. ಪದ್ಧತಿ ನಾ ಮಾಡಿದ್ದಲ್ಲ.”

ಪದ್ಧತಿ ಹೀಗಿತ್ತು. ಸವಣೂರಿನ ತೋಟಗಳ ವೀಳ್ಯದೆಲೆ ಯಲವಿಗಿ ಸ್ಟೇಶನ್ನಿನಲ್ಲಿ ಗಾಡಿ ಹತ್ತಿ ಊರೂರು ಸೇರಬೇಕು. ಗಾಡಿ ತಪ್ಪಿದರೆ ಎಲೆ ಬಾಡುತ್ತದೆ. ಆದ್ದರಿಂದ ಎಲೆ ಹೊರುವ ಆಳುಗಳು ನಡೆಯುತ್ತಿರಲಿಲ್ಲ, ಓಡುತ್ತಿದ್ದರು. ಹೇಗೂ ಓಡುವವರು, ಯಾರು ಬೇಗ ಓಡುತ್ತಾರೆ ನೋಡೋಣವೆಂದು ವ್ಯಾಪಾರಿಗಳು ವರ್ಷಕ್ಕೊಮ್ಮೆ, ದೀಪಾವಳಿಯ ಪಾಡ್ಯದಂದು, ಪೇಟೆಯಿಂದ ಸ್ಟೇಶನ್ನಿನವರೆಗೆ ಪಂದ್ಯ ಇಟ್ಟರು. ಹಾನಗಲ್ಲು, ಶಿಗ್ಗಾವಿ, ಹಂಸಭಾವಿಯಿಂದಲೂ ಜನ ಓಡಲು ಬರುತ್ತಿದ್ದರು; ಹಂಸಭಾವಿಯವರು ಮುಖ್ಯವಾಗಿ ಊಟಕ್ಕೆ ಬರುತ್ತಿದ್ದರೆಂಬುದು ಸವಣೂರಿನವರ ಅಭಿಪ್ರಾಯ. ಗೆದ್ದವನಿಗೆ ಬಿಳಿ ಪಟಕ. ಅಲ್ಲಿಯವರೆಗಿನ ಎಲ್ಲರಿಗಿಂತ ಬೇಗ ಮುಟ್ಟಿದವನಿಗೆ ಕೆಂಪು. ಕೆಂಪು ಇದ್ದದ್ದು ಒಂದೇ. 1913ರಲ್ಲಿ ಗಿರಿಯಪ್ಪ ಐವತ್ತೆರಡು ಮಿನಿಟಿನಲ್ಲಿ ಮುಟ್ಟಿ ಅದನ್ನು ತಲೆಗೆ ಸುತ್ತಿಕೊಂಡಿದ್ದ. ಮೂವತ್ನಾಲ್ಕು ವರ್ಷವಾದರೂ ಅದು ಅವನ ತಲೆಯಿಂದ ಇನ್ನೊಂದು ತಲೆಗೆ ಹೋಗಿರಲಿಲ್ಲ. ಈಗಲೂ ಅಂಗಳದ ಮೂಲೆಯಲ್ಲಿ, ಬೇವಿನ ಗಿಡದ ಕೆಳಗೆ, ಸಾವಿಗೆ ಬಂದವರ ನಡುವೆ ಅದೊಂದೇ ದೂರದಿಂದ ಕಾಣುತ್ತಿತ್ತು.

“ಗಿರಿಯಪ್ಪನ ಕಾಲಕ್ಕ ರಸ್ತೆ ಎಲ್ಲಿತ್ತು?” ಎಂದ ಕುಬೇರಪ್ಪ. “ಬಂಡಿ ಜಾಡು. ಅದರಾಗ ಕೆಸರು. ಮ್ಯಾಲ ತಲೀ ಮ್ಯಾಲ ಎರಡು ಪೆಂಡಿ ಎಲಿ.”

“ಹ್ವಾದ ವರ್ಷ ಒಂದ ಪೆಂಡಿ ಇತ್ತಲ್ರಿ, ಸಾವ್ಕಾರ್ರ” ಎಂದ ಇಸಾಕ.

ಅದು ನಿಜ. 1913ರ ಪಂದ್ಯದಲ್ಲಿ ಗಿರಿಯಪ್ಪನ ತಲೆಯ ಮೇಲಿದ್ದ ಹೊರೆ, ಹೇಳುವವರ ವಯಸ್ಸಿನ ಜೊತೆಗೆ ಏರುತ್ತ ಬಂದಿತ್ತು.

“ಒಂದರ ಇರಲಿ, ಎರಡರ ಇರಲಿ. ಇವನ ಕಾಲಕ್ಕ ಖಡಿ ರಸ್ತೆ. ಬಾಜೂಕ ನಿನ್ನ ಟಾಂಗಾ.”

“ಟಾಂಗಾದಾಗ ನೀವು ಕುಂತಿದ್ರಿ. ಗುತ್ತೆಪ್ಪ ಕುಂತಿರಲಿಲ್ಲ.”

ಕುಬೇರಪ್ಪ ಇದನ್ನು ಕೇಳಿಸಿಕೊಳ್ಳಲಿಲ್ಲ. ಯಂಕವ್ವ ಗಂಡನ ಅಂಗಿಯ ಗುಂಡಿ ಸರಿಮಾಡುತ್ತ, ಯಾರ ಕಡೆಯೂ ನೋಡದೆ ಹೇಳಿದಳು: “ಆರು ವರ್ಷ ಲಡಾಯಿದಾಗ ಕಳದ್ರು. ಬರ್ಮಾದ ಅಡವ್ಯಾಗ. ಆ ಆರು ವರ್ಷ ಇಲ್ಲೇ ಓಡಿದ್ರ?”

“ಓಡಿದ್ರ ಅನ್ನೋದಕ್ಕ ಪಟಕಾ ಕೊಡಾಕ ಬರಂಗಿಲ್ಲವ್ವ. ಗಿರಿಯಪ್ಪನೂ ಹಿಂದಿನ ಲಡಾಯಿದಾಗ ಬಸ್ರಾಕ ಹೋಗಿ ಬಂದಾನ. ಕಾಲಿನ ಎರಡು ಬಳ್ಳು ಅಲ್ಲೇ ಬಿಟ್ಟ ಬಂದಾನ. ಅಂವಗ ಒಂದು ಲಡಾಯಿ, ಇಂವಗ ಒಂದು ಲಡಾಯಿ, ಸರೀಗಿ ಸರಿ ಆತು. ಉಳದದ್ದು ಮಿನಿಟು. ಅಂವಂದು ಐವತ್ತೆರಡು, ಇಂವಂದು ಐವತ್ತೈದು. ಲೆಕ್ಕ ಅಂದ್ರ ಲೆಕ್ಕ.”

“ಹಂಗಾದ್ರ ಬರಿತಲೀಲೆ ಹೋಗ್ಲಿ” ಎಂದಳು ಯಂಕವ್ವ. “ಎರಡನೇದವರು ಅನಿಸಿ ನಾ ಕಳಸಂಗಿಲ್ಲ.”

ಅವಳೇ ಬಿಳಿ ಪಟಕವನ್ನು ಬಿಚ್ಚಿ, ಮಡಿಸಿ, ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಬರಿತಲೆಯ ಹೆಣ ಆ ಓಣಿಯಿಂದ ಹಿಂದೆ ಎದ್ದದ್ದಿಲ್ಲ. ಬಾರಿಸುವ ಹಲಗೆ ಕಾಯಿಸುತ್ತಿದ್ದವರು ಬೆಂಕಿಗೆ ಇನ್ನೊಂದು ಹಿಡಿ ಹುಲ್ಲು ಹಾಕಿದರು. ಬೇಗ ಮುಗಿಯುವ ಮಾತಲ್ಲ ಇದು ಎಂದು ಅವರಿಗೆ ಗೊತ್ತಾಯಿತು.

* * *

1939ರ ಪಾಡ್ಯಕ್ಕೆ ಯುದ್ಧ ಶುರುವಾಗಿ ಎರಡು ತಿಂಗಳಾಗಿತ್ತು. ಗುತ್ತೆಪ್ಪನಿಗೆ ಇಪ್ಪತ್ತೇಳು. ಅವನು ಓಡುವುದನ್ನು ನೋಡಿದವರ ನೆನಪಿನಲ್ಲಿ ಉಳಿಯುತ್ತಿದ್ದದ್ದು ಅವನ ಕಾಲಲ್ಲ, ಕತ್ತು. ಹನ್ನೆರಡು ವರ್ಷ ಎಲೆ ಹೊತ್ತ ಕತ್ತು ಅದು. ಕೆಳಗೆ ಕಾಲು ಏನೇ ಮಾಡಲಿ, ತಲೆ ಮಾತ್ರ ತುಂಬಿದ ಕೊಡದ ಹಾಗೆ ತುಳುಕದೆ ಮುಂದೆ ಹೋಗುತ್ತಿತ್ತು. ಅವನು ಸ್ಟೇಶನ್ನಿನ ಬೇಲಿ ಮುಟ್ಟಿದಾಗ ಟಾಂಗಾದಲ್ಲಿ ಜೊತೆಗೇ ಬಂದಿದ್ದ ಕುಬೇರಪ್ಪ, ಬಿಡುವಾಗ ನೋಡಿದ್ದ ಅದೇ ಕಿಸೆಯ ಗಡಿಯಾರ ನೋಡಿ ಐವತ್ತೈದು ಎಂದ. ಎರಡನೆಯವನು, ಶಿಗ್ಗಾವಿಯವನು, ಇನ್ನೂ ಕಣ್ಣಿಗೇ ಬಿದ್ದಿರಲಿಲ್ಲ.

ಗಿರಿಯಪ್ಪ ಪ್ರತಿವರ್ಷದಂತೆ ಅಲ್ಲಿ ನಿಂತಿದ್ದ, ತನ್ನ ಐವತ್ತೆರಡು ಉಳಿಯಿತೋ ಹೋಯಿತೋ ಎಂದು ನೋಡಲು. ಗುತ್ತೆಪ್ಪ ನೀರು ಕುಡಿದು ಅವನ ಬಳಿಗೆ ಬಂದ.

“ಕಾಕಾ, ನಿಮ್ಮ ಕಾಲಕ್ಕ ಓಡಾಕ ಬಿಡೂ ಹೊತ್ತು ಎಲಿಪ್ಯಾಟಿ ಗಡಿಯಾರದಾಗ ನೋಡತಿದ್ರಂತ. ಮುಟ್ಟಿದ ಹೊತ್ತು ಈ ಸ್ಟೇಶನ್ ಗಡಿಯಾರದಾಗ. ಹೌದೇನ್ರಿ?”

“ಹೌದು.”

“ಪ್ಯಾಟಿ ಗಡಿಯಾರ ಯಾವಾಗ್ಲೂ ಹತ್ತು ಮಿನಿಟ ಮುಂದ ಇಟ್ಟಿರತಾರ. ಎಲಿ ಹೊರಾವ್ರು ಗಾಡಿ ತಪ್ಪಿಸಬಾರದಂತ.”

ಪೇಟೆಯ ಗಡಿಯಾರದಲ್ಲಿ ಏಳು ಹೊಡೆದಾಗ ಸ್ಟೇಶನ್ನಿನದರಲ್ಲಿ ಇನ್ನೂ ಏಳಕ್ಕೆ ಹತ್ತು ಮಿನಿಟು. ಹಾಗಾದರೆ ಗಿರಿಯಪ್ಪ ಓಡಿದ್ದು ಐವತ್ತೆರಡಲ್ಲ, ಅರವತ್ತೆರಡು. ಗಡಿಯಾರ ಮುಂದಿರುವುದು ಎಲೆ ಹೊರುವ ಪ್ರತಿಯೊಬ್ಬ ಆಳಿಗೂ ಗೊತ್ತು. ಅದನ್ನು ಪಂದ್ಯಕ್ಕೆ ಹಚ್ಚಿ ನೋಡುವ ಕೆಲಸವನ್ನು ಯಾರೂ ಮಾಡಿರಲಿಲ್ಲ. ಗಿರಿಯಪ್ಪ ಒಬ್ಬ ಮಾಡಿದ್ದ, ಬಸ್ರಾದ ಆಸ್ಪತ್ರೆಯಲ್ಲಿ, ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದಾಗ, ಮಾಡಲು ಬೇರೇನೂ ಇಲ್ಲದೆ.

“ಯಾರ ಮುಂದ ಹೇಳಿದಿ?”

“ಯಾರ ಮುಂದನೂ ಇಲ್ಲ. ಯಾಕ ಹೇಳ್ಲಿ? ಮುಂದಿನ ವರ್ಷ ನಾಕ ಮಿನಿಟ ಇಳಸ್ತೇನಿ. ಐವತ್ತೊಂದಕ್ಕ ಮುಟ್ಟಿದ್ರ ಗಡಿಯಾರದ ಮಾತ ಬೇಕಾಗಂಗಿಲ್ಲ. ಅಲ್ಲೀತನಕ ನಿಮ್ಮ ತಲೀ ಮ್ಯಾಲ ಇರಲಿ. ಚಂದ ಕಾಣಾಕತ್ತೈತಿ.”

ಮುಂದಿನ ವರ್ಷ ಪಂದ್ಯವಿರಲಿಲ್ಲ. ಗಾಡಿಗಳ ವೇಳೆ ಕೆಟ್ಟಿತು, ಓಡುವವರಲ್ಲಿ ಅರ್ಧ ಜನ ಪಲ್ಟನ್ನು ಸೇರಿದರು, ಅವರಲ್ಲಿ ಗುತ್ತೆಪ್ಪನೂ ಒಬ್ಬ. ತಿರುಗಿ ಬಂದದ್ದು 1946ರಲ್ಲಿ, ಎದೆಯ ತುಂಬ ಕೆಮ್ಮು ತುಂಬಿಕೊಂಡು. ಆ ವರ್ಷ ಪಂದ್ಯ ಮತ್ತೆ ಶುರುವಾಯಿತು. ಗುತ್ತೆಪ್ಪ ಓಡಿದ, ಊರಿನ ಕೊನೆಯ ತೋಟ ದಾಟುವ ಮೊದಲೇ ಹುಣಸೆಮರದ ಕೆಳಗೆ ಕುಳಿತ. ಇಸಾಕ ಟಾಂಗಾ ನಿಲ್ಲಿಸಿ ಹತ್ತಿಕೋ ಎಂದ. “ಪಂದ್ಯದಾಗ ಟಾಂಗಾ ಹತ್ತಬಾರದೋ” ಎಂದು ಗುತ್ತೆಪ್ಪ ಅವನಿಗೆ ನಿಯಮ ತಿಳಿಸಿ, ಕುಳಿತು ಎದ್ದು, ಕುಳಿತು ಎದ್ದು, ನಡುಮಧ್ಯಾಹ್ನಕ್ಕೆ ಯಲವಿಗಿ ಮುಟ್ಟಿದ. ಕುಬೇರಪ್ಪ ಕಾದಿದ್ದ. ಗಡಿಯಾರವನ್ನು ಮಾತ್ರ ಕಿಸೆಯಿಂದ ತೆಗೆಯಲಿಲ್ಲ.

* * *

ಗಿರಿಯಪ್ಪ ಬೇವಿನ ಗಿಡದ ಕೆಳಗಿನಿಂದ ಎದ್ದ. ಏಳಲು ಸ್ವಲ್ಪ ಹೊತ್ತು ಹಿಡಿಯಿತು.

“ಕುಬೇರಪ್ಪಾರ, ನಂದು ಐವತ್ತೆರಡಲ್ರಿ. ಅರವತ್ತೆರಡು.”

“ಏನಂತಿ?”

“ಪ್ಯಾಟಿ ಗಡಿಯಾರ ನಿಮ್ಮ ಅಪ್ಪಾರು ಹತ್ತು ಮಿನಿಟ ಮುಂದ ಇಡತಿದ್ರು. ನೀವೂ ಇಡತೀರಿ. ನನ್ನ ಬಿಟ್ಟದ್ದು ಆ ಗಡಿಯಾರ ನೋಡಿ. ಮುಟ್ಟಿದ್ದು ಸ್ಟೇಶನ್ ಗಡಿಯಾರ ನೋಡಿ. ಕೂಡಿಸ್ರಿ.”

ಕುಬೇರಪ್ಪ ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿದ. ಒಮ್ಮೆ ಮುಗಿಸಿ ಮತ್ತೆ ಮೊದಲಿನಿಂದ ಓಡಿಸಿದ. ಎರಡು ಸಲವೂ ಅದೇ ಬಂದಿತು. ಅವನ ಸಿಟ್ಟು ಗಿರಿಯಪ್ಪನ ಮೇಲೆ ಹೋಗಿ ಕುಳಿತಿತು.

“ಮೂವತ್ನಾಕು ವರ್ಷ ಬಾಯಾಗ ಏನಿತ್ತು?”

“ಎಲಿ ಅಡಿಕಿ” ಎಂದ ಗಿರಿಯಪ್ಪ.

ಹಲಗೆಯವರ ಕಡೆಯಿಂದ ಯಾರೋ ನಕ್ಕು ಕೆಮ್ಮಿದರು. ಇಸಾಕ ನ್ಯಾಯವಂತ, ಗೆಳೆಯ ಗೆಲ್ಲುವ ಹೊತ್ತಿನಲ್ಲೂ ಎದುರು ಪಕ್ಷವನ್ನು ಮರೆಯಲಿಲ್ಲ. “ಆದ್ರ ಗಿರಿಯಪ್ಪಣ್ಣ, ನಿನ್ನ ತಲೀ ಮ್ಯಾಲಿನ ಪೆಂಡಿ? ಅದನ್ನ ಹಿಡೀಬೇಕಲ್ಲ?”

“ಪೆಂಡಿ ಎಲ್ಲೀದೋ? ಬರಿತಲೀಲೆ ಓಡಿದ್ದೆ. ಪೆಂಡಿ ನೀವು ಏರಿಸಿದ್ರಿ. ನಾ ಇಳಸಲಿಲ್ಲ, ಅಷ್ಟ.”

ಯಂಕವ್ವ ತಲೆ ಎತ್ತಿದಳು. “ಮಾವಾರ, ಗಡಿಯಾರದ ಮಾತು ಇವರಿಗೆ ಗೊತ್ತಿತ್ತೇನ್ರಿ?”

“ಎಂಟು ವರ್ಷದಿಂದ ಗೊತ್ತಿತ್ತವ್ವ. ಓಡೇ ಕಸಗೋತೇನಿ ಅಂದಿದ್ದ.”

ಅವಳು ಗಂಡನ ಮುಖವನ್ನು ನೋಡಿದಳು. “ಮನ್ಯಾಗ ಉಪ್ಪು ತೀರಿದ್ರ ಓಣಿಗೆಲ್ಲ ಹೇಳಿ ಬರತಿದ್ರು. ಇದನ್ನ ನನಗೂ ಹೇಳಲಿಲ್ಲ.”

ಗಿರಿಯಪ್ಪ ಪಟಕದ ಸೆರಗಿನ ತುದಿ ಹುಡುಕಿ ಬಿಚ್ಚತೊಡಗಿದ. ಹೊರಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದ ಬಟ್ಟೆ ಒಳಸುತ್ತುಗಳಲ್ಲಿ ಇನ್ನೂ ಕೆಂಪಾಗಿತ್ತು. ಅದರ ಕೆಳಗಿನ ತಲೆ ಸಣ್ಣದು, ಪೂರಾ ಬಿಳಿ. ಪೇಟೆಯವರಲ್ಲಿ ಬಹಳ ಜನ ಅದನ್ನು ಮೊದಲ ಸಲ ನೋಡುತ್ತಿದ್ದರು. ಇಸಾಕ ಒಳಮೈ ಹೊರಗೆ ಬರುವಂತೆ ತಿರುವಿ ಗುತ್ತೆಪ್ಪನ ತಲೆಗೆ ಸುತ್ತಿದ. ಬಟ್ಟೆ ಉದ್ದವಾಗಿತ್ತು, ಇನ್ನೊಂದು ತುದಿಯನ್ನು ಯಾರಾದರೂ ಬಿಗಿಯಾಗಿ ಹಿಡಿಯಬೇಕಿತ್ತು. ಕುಬೇರಪ್ಪ ಹೊರಸಿನಿಂದ ಎದ್ದು ಬಂದು ಹಿಡಿದ.

ಹೆಣ ಎತ್ತಿದರು. ಹೊತ್ತ ನಾಲ್ವರೂ ಎಲೆ ಹೊರುವ ಆಳುಗಳು. ಹೆಗಲ ಮೇಲೆ ಭಾರ ಬಿದ್ದೊಡನೆ ಕಾಲು ತಾನಾಗಿ ಓಟಕ್ಕೆ ಬಿದ್ದಿತು. ಹತ್ತು ಮಾರು ಹೋಗುವುದರೊಳಗೆ ಗಿರಿಯಪ್ಪ, ಎರಡು ಬೆರಳಿಲ್ಲದ ಕಾಲೆಳೆಯುತ್ತ, ಎಲ್ಲರಿಗಿಂತ ಹಿಂದೆ ಉಳಿದ. ಯಂಕವ್ವ ತಿರುಗಿ ನೋಡಿ ಚಟ್ಟ ನಿಲ್ಲಿಸಿದಳು.

“ಮಾವಾರ, ನೀವು ಹಿಂದ ಬಿದ್ರ ಮಣ್ಣು ಹಾಕಾಕ ಸಿಗಂಗಿಲ್ಲ. ಮುಂದ ನಡೀರಿ.”

ಗಿರಿಯಪ್ಪ ಚಟ್ಟವನ್ನು ದಾಟಿ ಮುಂದೆ ಬಂದ. ಹಲಗೆ ಅವನ ಕುಂಟು ನಡೆಗೆ ತಾಳ ಹೊಂದಿಸಿಕೊಂಡಿತು. ಹೊತ್ತವರು ಕಷ್ಟಪಟ್ಟು ಕಾಲು ತಡೆಯುತ್ತ, ಅವನನ್ನು ದಾಟದಂತೆ, ಪೇಟೆ ಇಳಿದು ತೋಟಗಳ ನಡುವಿನ ದಾರಿ ಹಿಡಿದರು.

ಹೂಳಲು ತೋಡಿದ್ದ ಕುಣಿಯನ್ನು ಮೊದಲು ಮುಟ್ಟಿದವನು ಗಿರಿಯಪ್ಪ. ಗುತ್ತೆಪ್ಪ ಎರಡನೆಯವನಾಗಿ ಬಂದ.