ಸೀರಮ್ ಇಲ್ಲದ ಆರು ದಿನ

ಅತ್ತಿಗೆಯ ಗರ್ಭಕೋಶ ತೆಗೆದ ದಿನ ನಾನು ರಜೆ ಹಾಕಲಿಲ್ಲ. ಅದರ ಒಳಪದರದ ಚೂರೊಂದು ಹತ್ತೂವರೆಗೆ ಐಸ್ ಡಬ್ಬಿಯಲ್ಲಿ ನಮ್ಮ ಲ್ಯಾಬಿಗೇ ಬರುವುದಿತ್ತು. ಡಬ್ಬಿಯ ಮೇಲೆ ಹೆಸರಿರಲಿಲ್ಲ, ಬರೀ ಸಂಖ್ಯೆ. ಆದರೆ ಆ ದಿನ ಆ ಆಪರೇಷನ್ ಆದವಳು ಅವಳೊಬ್ಬಳೇ. ಸಂಶೋಧನೆಗೆ ಕೊಡುವ ಕಾಗದಕ್ಕೆ ಸಹಿ ಹಾಕುವಾಗ, "ನನಗಂತೂ ಸಾಕಾಗಿದೆ, ಬೇಕಾದವ್ರು ತಗೊಳ್ಲಿ" ಅಂದಿದ್ದಳು. ಮೂರು ಹೆರಿಗೆ, ಆಮೇಲೆ ನಾಲ್ಕು ವರ್ಷ ನಿಲ್ಲದ ರಕ್ತಸ್ರಾವ, ಅದರ ಮಧ್ಯೆ ಸಮವಸ್ತ್ರದ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಇಸ್ತ್ರಿ.

ಚೂರನ್ನು ಕತ್ತರಿಸಿ, ಜೀವಕೋಶಗಳನ್ನು ಬಿಡಿಸಿ, ತಟ್ಟೆಗಳಲ್ಲಿ ಬೆಳೆಸಿದೆ. ಗರ್ಭಿಣಿಯ ಮೈಯಲ್ಲಿರುವಂಥ ಹಾರ್ಮೋನು ಹಾಕಿದೆ. ಎಂಟನೆಯ ದಿನಕ್ಕೆ ಉದ್ದುದ್ದ ಇದ್ದ ಕೋಶಗಳು ಗುಂಡಗಾದವು; ಸುತ್ತಲಿನ ದ್ರವದಲ್ಲಿ ನಾವು ಹುಡುಕುತ್ತಿದ್ದ ಪೆಪ್ಟೈಡ್, ಅಂದರೆ ಪ್ರೋಟೀನಿನಂಥ ಚಿಕ್ಕ ಅಣು, ಸಿಕ್ಕಿತು. ಮಿದುಳಿನ ಬುಡದ ಗ್ರಂಥಿ ಮಾಡುವ ಹಾರ್ಮೋನಿನ ಹತ್ತಿರದ ಸಂಬಂಧಿ ಅದು.

ಲ್ಯಾಬಿನ ಮುಖ್ಯಸ್ಥೆ ಮೇಡಮ್ ಕನ್ನಡಕ ಹಣೆಗೇರಿಸಿ ನೋಡಿದರು. "ಇದು ಕೋಶ ಮಾಡಿದ್ದೋ, ನೀನು ಹಾಕಿದ ಸೀರಮ್‌ನಲ್ಲೇ ಇದ್ದದ್ದೋ?"

ಸೀರಮ್ ಅಂದರೆ ಕೋಶಗಳ ಊಟ, ಕರುವಿನ ರಕ್ತದಿಂದ ತೆಗೆದದ್ದು. ಅದರಲ್ಲೂ ಇಂಥವು ಇರುತ್ತವೆ.

"ಗೊತ್ತಿಲ್ಲ ಮೇಡಮ್."

"ಹಾಗಾದ್ರೆ ಊಟ ನಿಲ್ಸಿ ನೋಡು."

ಈ ಲ್ಯಾಬಿನ ಹದಿನೇಳು ವರ್ಷದಲ್ಲಿ ಇಂಥ ಮಾತು ಎಷ್ಟು ಸಲ ಕೇಳಿದ್ದೇನೋ. ಮೂರು ಸಲ ತೊಳೆದು, ಸೀರಮ್ ಇಲ್ಲದ ದ್ರವ ಹಾಕಿದೆ. ಪಕ್ಕದಲ್ಲಿ, ಹೋಲಿಸಿ ನೋಡಲು, ಕೋಶಗಳೇ ಇಲ್ಲದ ತಟ್ಟೆಗಳು. ಸೊಂಟ ಹಿಡಿದುಕೊಂಡಿತ್ತು. ಭಾನುವಾರವೂ ಬಂದೆ. ಅರ್ಧಕ್ಕರ್ಧ ಕೋಶಗಳು ಕಳಚಿ ತೇಲಿದವು, ಉಳಿದವು ಕಚ್ಚಿಕೊಂಡಿದ್ದವು. ದಿನಾ ಸ್ವಲ್ಪ ದ್ರವ ತೆಗೆದಿಟ್ಟು, ಆರನೆಯ ದಿನ ಎಲ್ಲವನ್ನೂ ಅಳೆದೆ. ಖಾಲಿ ತಟ್ಟೆಗಳಲ್ಲಿ ಏನೂ ಇಲ್ಲ. ಕೋಶಗಳಿದ್ದಲ್ಲಿ ಪೆಪ್ಟೈಡ್ ದಿನದಿನಕ್ಕೂ ಏರಿತ್ತು.

ಮೇಡಮ್ ಎರಡೆರಡು ಸಲ ನೋಡಿ, "ಕೋಶಗಳದ್ದೇ. ಇನ್ನಿಬ್ಬರ ಸ್ಯಾಂಪಲ್‌ನಲ್ಲೂ ಬಂದ್ರೆ ಬರೆಯೋಣ" ಅಂದರು. ಖುಷಿಪಡುವಷ್ಟು ತ್ರಾಣ ನನಗಿರಲಿಲ್ಲ.

ಸಂಜೆ ಅಣ್ಣನ ಮನೆಗೆ ಹೋದೆ. ಅತ್ತಿಗೆ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಹೇಳಬಾರದು ಅಂದುಕೊಂಡಿದ್ದೆ, ಬಾಯಿ ಕೇಳಲಿಲ್ಲ.

"ನಿನ್ನ ಕೋಶಗಳು ಅನ್ನ ನೀರಿಲ್ದೆ ಆರು ದಿನ ದುಡಿದ್ವು, ಅತ್ತಿಗೆ."

"ಅಯ್ಯೋ ಪಾಪ. ಅಲ್ಲೂ ಬಿಡ್ಲಿಲ್ವೇನೇ ಅವನ್ನ?" ನಗಲು ಹೋಗಿ, ಹೊಲಿಗೆ ಎಳೆದು, ಹೊಟ್ಟೆ ಹಿಡಿದುಕೊಂಡಳು. "ಇನ್ನೆಷ್ಟು ದಿನ?"

"ನಾಳೆ ಬ್ಲೀಚ್ ಹಾಕಿ ತೆಗೀತೀನಿ."

"ತೆಗಿ. ನೀನೂ ಒಂದಿಷ್ಟು ಮಲ್ಕೋ. ಕಣ್ಣು ಗುಳಿಬಿದ್ದಿದೆ."

ಅವಳ ಪಕ್ಕದಲ್ಲೇ ಚಾಪೆಯ ಮೇಲೆ ಬಿದ್ದುಕೊಂಡೆ. ಅಣ್ಣ ಬಂದದ್ದೂ ತಿಳಿಯಲಿಲ್ಲ.

ಇನ್ನಿಬ್ಬರ ಸ್ಯಾಂಪಲ್ ಬರಲು ಎರಡು ತಿಂಗಳು ಹಿಡಿಯಿತು. ಒಂದರಲ್ಲಿ ಪೆಪ್ಟೈಡ್ ಬಂತು. ಇನ್ನೊಂದು ಬೂಷ್ಟು ಹಿಡಿದು ಹೋಯಿತು. ಮತ್ತೊಂದಕ್ಕೆ ಕಾಯುತ್ತಿದ್ದೇವೆ.